ನ್ಯೂಜೆರ್ಸಿಯಲ್ಲಿರುವ ತಮ್ಮನ ಮೇಲೆ ಕಾರು ಅಪಘಾತದ ದಾವೆ ಬಿದ್ದಿದೆ. ಅಲ್ಲಿನ ಕೋರ್ಟು ಹೇಗೆ ನಡೆಯುತ್ತದೆ, ನಾವು ಏನು ಮಾಡಬೇಕು?

ನೀವು ಬರೆದಿರುವ ಪ್ರಕಾರ, ಎಡಿಸನ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುವ ನಿಮ್ಮ ತಮ್ಮನ ಕಾರು ಇನ್ನೊಂದು ಕಾರಿಗೆ ಗುದ್ದಿ ಒಂದು ವರ್ಷದ ಮೇಲಾಗಿದೆ. ಆ ಕಾರಿನಲ್ಲಿದ್ದವರು ಬೆನ್ನುನೋವಿನ ಪರಿಹಾರ ಕೇಳಿ ಈಗ ದಾವೆ ಹೂಡಿದ್ದಾರೆ, ಸಮನ್ಸ್ ಕೈಗೆ ಬಂದಿದೆ. ಜೈಲಾಗುತ್ತದೆಯೇ, ವೀಸಾ ಹೋಗುತ್ತದೆಯೇ, ಸುಪ್ರೀಂ ಕೋರ್ಟ್‌ವರೆಗೆ ಎಳೆಯುತ್ತದೆಯೇ ಎನ್ನುವುದು ನಿಮ್ಮ ಚಿಂತೆ.

ಜೈಲಾಗುವುದಿಲ್ಲ. ಕಾಗದದ ತಲೆಯಲ್ಲಿ ವಾದಿಯ ಜಾಗದಲ್ಲಿ ಯಾರ ಹೆಸರಿದೆ ನೋಡಿ. ಕ್ರಿಮಿನಲ್ ಪ್ರಕರಣವಾಗಿದ್ದರೆ ಅಲ್ಲಿ ನ್ಯೂಜೆರ್ಸಿ ರಾಜ್ಯದ ಹೆಸರಿರುತ್ತದೆ. ಇಲ್ಲಿ ಒಬ್ಬ ಖಾಸಗಿ ವ್ಯಕ್ತಿಯ ಹೆಸರಿದೆ ಎಂದರೆ ಇದು ಸಿವಿಲ್ ದಾವೆ, ಸೋತರೆ ಕೊಡಬೇಕಾದದ್ದು ಹಣ ಮಾತ್ರ. ಸಿವಿಲ್ ದಾವೆ ಅಪರಾಧದ ದಾಖಲೆಯಲ್ಲ, ಆದ್ದರಿಂದ ಇದೊಂದರಿಂದಲೇ ವೀಸಾಕ್ಕೆ ಪೆಟ್ಟು ಬೀಳುವುದಿಲ್ಲ. ಕುಡಿದು ಓಡಿಸಿದ ಆರೋಪವೇನಾದರೂ ಇದ್ದರೆ ಮಾತ್ರ ವಿಷಯ ಬೇರೆ. ಅಂಥ ಬಂಧನವೊಂದೇ ಸಾಕು, ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು. ಆಗ ವಲಸೆ ಕಾನೂನಿನ ವಕೀಲರನ್ನು ಪ್ರತ್ಯೇಕವಾಗಿ ಕಾಣಬೇಕು.

ಇದಕ್ಕಿಂತ ದೊಡ್ಡ ಅಪಾಯ ಗಡುವಿನದು. ನಮ್ಮಲ್ಲಿ ಸಮನ್ಸ್ ಬಂದರೆ ಅದರಲ್ಲೊಂದು ತಾರೀಖು ಇರುತ್ತದೆ. ಅಂದು ವಕೀಲರು ವಕಾಲತ್ತು ಹಾಕುತ್ತಾರೆ, ವಾಯಿದೆ ಕೇಳುತ್ತಾರೆ, ತಕರಾರು ಸಲ್ಲಿಸಲು ಸಮಯ ಸಿಗುತ್ತದೆ. ನ್ಯೂಜೆರ್ಸಿಯ ಸಮನ್ಸ್‌ನಲ್ಲಿ ಹಾಜರಾಗುವ ತಾರೀಖೇ ಇಲ್ಲ. ಕಾಗದ ಕೈಸೇರಿದ ಮರುದಿನದಿಂದ ಎಣಿಸಿ 35 ದಿನದೊಳಗೆ ಲಿಖಿತ ಉತ್ತರ ಸಲ್ಲಿಸಬೇಕು, ಅಷ್ಟೇ. ಕೋರ್ಟಿನವರು ಕರೆಯುತ್ತಾರೆ ಎಂದು ಕಾಯುತ್ತ ಕೂತವರೇ ಕೆಡುವುದು, ಏಕೆಂದರೆ ಯಾರೂ ಕರೆಯುವುದಿಲ್ಲ. 36ನೇ ದಿನ ಎದುರು ವಕೀಲರು ಅರ್ಜಿ ಹಾಕಿದರೆ ಕೋರ್ಟಿನ ಕ್ಲರ್ಕ್ 'ಡಿಫಾಲ್ಟ್', ಅಂದರೆ ಗಡುವಿನೊಳಗೆ ಉತ್ತರ ಬಂದಿಲ್ಲ ಎಂದು, ದಾಖಲಿಸುತ್ತಾರೆ, ಕಡತ ಆಗ ನ್ಯಾಯಾಧೀಶರ ಕಣ್ಣಿಗೂ ಬಿದ್ದಿರುವುದಿಲ್ಲ. ಮುಂದೆ ಕೋರ್ಟು ಪರಿಹಾರದ ಮೊತ್ತಕ್ಕೆ ಮಾತ್ರ ಪುರಾವೆ ಕೇಳಿ ಡಿಕ್ರಿ ಕೊಡುತ್ತದೆ. ಡಿಕ್ರಿಗೆ ಮುಂಚೆ ಎಚ್ಚೆತ್ತುಕೊಂಡರೆ ಸಕಾರಣ ತೋರಿಸಿ ಡಿಫಾಲ್ಟ್ ತೆಗೆಸಬಹುದು. ಡಿಕ್ರಿಯಾದ ಮೇಲಾದರೆ, ತಡವಾದದ್ದು ಕ್ಷಮಿಸುವಂಥದ್ದು ಎಂದೂ ತನ್ನ ವಾದದಲ್ಲಿ ಹುರುಳಿದೆ ಎಂದೂ ಎರಡನ್ನೂ ತೋರಿಸಬೇಕು, ಅದೂ ಒಂದು ವರ್ಷದೊಳಗೆ. ಆ ಡಿಕ್ರಿಗೆ 20 ವರ್ಷ ಆಯುಸ್ಸು. ಸಂಬಳದ ಒಂದು ಪಾಲನ್ನು, ಬ್ಯಾಂಕ್ ಖಾತೆಯಲ್ಲಿರುವ ಹಣವನ್ನು ಅದರ ಮೇಲೆ ಜಪ್ತಿ ಮಾಡಿಸಬಹುದು.

ಉತ್ತರವೆಂದರೆ ನ್ಯಾಯಾಧೀಶರಿಗೆ ಬರೆದ ಕಾಗದವೂ ಅಲ್ಲ, ಫೋನೂ ಅಲ್ಲ. ಫೋನ್ ಮಾಡಿದರೆ ನಿಮ್ಮ ಹಕ್ಕು ಉಳಿಯುವುದಿಲ್ಲ ಎಂದು ಸಮನ್ಸ್‌ನಲ್ಲೇ ಅಚ್ಚಾಗಿದೆ. ದಾವೆಯ ಒಂದೊಂದು ಕಲಮಿಗೂ ಒಪ್ಪಿಗೆ, ನಿರಾಕರಣೆ ಅಥವಾ ಮಾಹಿತಿ ಇಲ್ಲ ಎಂದು ಬರೆದು, ಪ್ರಕರಣದ ಮಾಹಿತಿ ನಮೂನೆಯನ್ನೂ 175 ಡಾಲರ್ ಶುಲ್ಕವನ್ನೂ ಸೇರಿಸಿ ಸಲ್ಲಿಸಬೇಕು.

ಇದನ್ನೆಲ್ಲ ನಿಮ್ಮ ತಮ್ಮ ತಾನೇ ಮಾಡಬೇಕಾಗಿಲ್ಲ. ಅವನ ಕಾರು ವಿಮೆಯಲ್ಲಿ ಪರಿಹಾರ ಕೊಡುವ ಹೊಣೆಯ ಜೊತೆಗೆ ವಕೀಲರನ್ನಿಟ್ಟು ಕೇಸು ನಡೆಸುವ ಹೊಣೆಯೂ ಕಂಪನಿಯದೇ. ಇವತ್ತೇ ಸಮನ್ಸನ್ನೂ ದಾವೆಯ ಪ್ರತಿಯನ್ನೂ ಒಂದು ಹಾಳೆ ಬಿಡದೆ ಸ್ಕ್ಯಾನ್ ಮಾಡಿ ವಿಮಾ ಕಂಪನಿಗೆ ಕಳಿಸಲಿ. ಯಾವ ದಿನ, ಯಾರ ಕೈಯಿಂದ, ಹೇಗೆ ಬಂತು ಎಂಬುದನ್ನೂ ಬರೆಯಲಿ. ಅಪಘಾತವಾದಾಗಲೇ ಅವರಿಗೆ ಹೇಳಿದ್ದೆವಲ್ಲ ಎಂದು ಸುಮ್ಮನಿರಬಾರದು. ಹಳೆಯ ಕ್ಲೇಮ್ ಬೇರೆ, ದಾವೆ ಬೇರೆ. ದಾವೆ ಬಿದ್ದ ಸುದ್ದಿ ತಡವಾಗಿ ಮುಟ್ಟಿದರೆ ಹೊಣೆ ಒಲ್ಲೆ ಎನ್ನಲು ಕಂಪನಿಗೊಂದು ನೆಪ ಸಿಗುತ್ತದೆ. ತಲುಪಿದೆ ಎಂಬ ಉತ್ತರವನ್ನೂ ನೇಮಿಸಿದ ವಕೀಲರ ಹೆಸರನ್ನೂ ಬರಹದಲ್ಲೇ ತರಿಸಿಕೊಳ್ಳಲಿ. 20 ದಿನ ಕಳೆದರೂ ವಕೀಲರು ಮಾತಾಡಿಸದಿದ್ದರೆ ಬೆನ್ನುಬಿದ್ದು ಕೇಳಲಿ.

ವಿಮೆಗೂ ಒಂದು ಮಿತಿ ಇದೆ. ನ್ಯೂಜೆರ್ಸಿಯಲ್ಲಿ ಎದುರಿನವರ ದೇಹಕ್ಕಾದ ಗಾಯಕ್ಕೆ ಕನಿಷ್ಠ ವಿಮೆ 2023ರಿಂದ ಒಬ್ಬರಿಗೆ 25,000, ಒಂದು ಅಪಘಾತಕ್ಕೆ ಒಟ್ಟು 50,000 ಡಾಲರ್ ಇತ್ತು. 2026ರ ಜನವರಿ 1ರಿಂದ ಅದು 35,000 ಮತ್ತು 70,000. ಇಂಥ ದಾವೆಯಲ್ಲಿ ಎಷ್ಟು ಹಣ ಕೇಳುತ್ತಿದ್ದಾರೆ ಎಂದು ಮೊದಲಿಗೆ ಬರೆದಿರುವುದಿಲ್ಲ, ಅಲ್ಲಿನ ನಿಯಮವೇ ಹಾಗಿದೆ. ತೀರ್ಪು ನಿಮ್ಮ ವಿಮೆಯ ಮಿತಿ ಮೀರಬಹುದು ಎಂದು ಕಂಪನಿಯಿಂದ ಪತ್ರ ಬಂದರೆ ಆಗ ತಮ್ಮನು ಸ್ವಂತ ಖರ್ಚಿನಲ್ಲಿ ಬೇರೊಬ್ಬ ವಕೀಲರನ್ನು ಒಂದೆರಡು ಗಂಟೆ ಕಂಡು ಸಲಹೆ ಪಡೆಯಲೇಬೇಕು. ಮಿತಿಯೊಳಗೆ ರಾಜಿಯಾಗುವ ಅವಕಾಶ ಬಂದರೆ ಒಪ್ಪಿಕೊಳ್ಳಿ ಎಂದು ಆ ವಕೀಲರಿಂದ ಕಂಪನಿಗೆ ಬರೆಸಬೇಕು. ಸದ್ಭಾವನೆಯಿಂದ ರಾಜಿಗೆ ಯತ್ನಿಸದ ಕಂಪನಿ ಮಿತಿ ಮೀರಿದ ಮೊತ್ತವನ್ನೂ ತಾನೇ ತೆರಬೇಕು ಎಂದು ನ್ಯೂಜೆರ್ಸಿ ಸುಪ್ರೀಂ ಕೋರ್ಟ್ 1974ರಲ್ಲಿ ರೋವಾ ಫಾರ್ಮ್ಸ್ ಪ್ರಕರಣದಲ್ಲಿ ಹೇಳಿದೆ. ಮುಂದೆ ಹಾಗೊಂದು ಸನ್ನಿವೇಶ ಬಂದರೆ ಆ ಪತ್ರವೇ ಆಧಾರ.

ಇನ್ನು ಕೋರ್ಟುಗಳ ರಚನೆ. ನಮ್ಮಲ್ಲಿ ಮುನ್ಸಿಫ್ ಕೋರ್ಟಿನಿಂದ ದೆಹಲಿಯವರೆಗೆ ಒಂದೇ ಏಣಿ. ಅಮೆರಿಕದಲ್ಲಿ ಏಣಿಗಳೇ ಬೇರೆ ಬೇರೆ: 50 ರಾಜ್ಯಗಳಿಗೂ ಒಂದೊಂದು, ಪಕ್ಕದಲ್ಲಿ ಒಕ್ಕೂಟದ ಫೆಡರಲ್ ಏಣಿ. ಫೆಡರಲ್ ಕಡೆ 94 ಜಿಲ್ಲಾ ನ್ಯಾಯಾಲಯ, ಅದರ ಮೇಲೆ 13 ಮೇಲ್ಮನವಿ ನ್ಯಾಯಾಲಯ, ತುದಿಯಲ್ಲಿ 9 ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್. ಅಪಘಾತ, ಕರಾರು, ಬಾಡಿಗೆ, ವಿಚ್ಛೇದನ, ಬಹುಪಾಲು ಅಪರಾಧಗಳು ಎಲ್ಲವೂ ರಾಜ್ಯದ ಕೋರ್ಟಿನ ಕೆಲಸ. ನಿಮ್ಮ ತಮ್ಮನದು ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿದ್ದರೆ ನ್ಯೂ ಬ್ರನ್ಸ್‌ವಿಕ್‌ನಲ್ಲಿರುವ ಸುಪೀರಿಯರ್ ಕೋರ್ಟಿಗೆ ಬರುತ್ತದೆ. 20,000 ಡಾಲರ್‌ವರೆಗಿನ ದಾವೆಗಳಿಗೆ ಅಲ್ಲೇ ಒಂದು ಕಿರು ವಿಭಾಗವಿದೆ, ಅದರ ನಿಯಮ ಸ್ವಲ್ಪ ಬೇರೆ. ಒಂದು ರಾಜ್ಯದ ಗಡುವು ಇನ್ನೊಂದಕ್ಕೆ ಹೊಂದುವುದಿಲ್ಲ: ಕ್ಯಾಲಿಫೋರ್ನಿಯಾದಲ್ಲಿ ಉತ್ತರಕ್ಕೆ 30 ದಿನ, ಫೆಡರಲ್ ಕೋರ್ಟಿನಲ್ಲಿ 21 ದಿನ. ಅಂತರ್ಜಾಲದಲ್ಲಿ ಓದಿದ ಸಲಹೆ ಯಾವ ರಾಜ್ಯದ್ದು ಎಂದು ನೋಡದೆ ನಂಬಬೇಡಿ.

ಹಾಗಿದ್ದೂ ರಾಜ್ಯದ ದಾವೆ ಫೆಡರಲ್ ಕೋರ್ಟಿಗೆ ದಾಟುವ ಒಂದು ದಾರಿ ಇದೆ, ಅದು ನಿಮ್ಮ ತಮ್ಮನಿಗೆ ಅನ್ವಯಿಸಬಹುದು. ಎರಡೂ ಕಡೆಯವರು ಬೇರೆ ಬೇರೆ ರಾಜ್ಯದವರಾಗಿದ್ದು, ಅಥವಾ ಒಬ್ಬರು ವಿದೇಶಿ ಪ್ರಜೆಯಾಗಿದ್ದು, ಮೊತ್ತ 75,000 ಡಾಲರ್ ಮೀರಿದರೆ ಫೆಡರಲ್ ಕೋರ್ಟಿಗೂ ಅಧಿಕಾರವಿದೆ. ವಾದಿ ಅಮೆರಿಕದ ಪ್ರಜೆಯಾಗಿದ್ದು, ಎಚ್-1ಬಿ ಮೇಲಿರುವ ತಮ್ಮ ಭಾರತದ ಪ್ರಜೆಯಾಗಿಯೇ ಇದ್ದರೆ ಈ ಬಾಗಿಲು ತೆರೆದಿರುತ್ತದೆ. ಅವನಿಗೆ ಗ್ರೀನ್ ಕಾರ್ಡ್ ಬಂದು ವಾದಿಯೂ ಅದೇ ರಾಜ್ಯದವರಾಗಿದ್ದರೆ ಮುಚ್ಚಿಹೋಗುತ್ತದೆ. ವರ್ಗಾಯಿಸಿಕೊಳ್ಳಲು 30 ದಿನ ಮಾತ್ರ, ಅಂದರೆ ಉತ್ತರದ 35 ದಿನಕ್ಕಿಂತ ಮೊದಲೇ ಈ ಗಡುವು ಮುಗಿಯುತ್ತದೆ. ಅಲ್ಲಿಗೆ ಹೋದರೂ ಅನ್ವಯಿಸುವುದು ನ್ಯೂಜೆರ್ಸಿಯ ಕಾನೂನೇ. ಅಮೆರಿಕದ ಸುಪ್ರೀಂ ಕೋರ್ಟಿನ 1938ರ ಈರಿ ರೈಲ್‌ರೋಡ್ ತೀರ್ಪಿನಿಂದ ಅದು ಗಟ್ಟಿಯಾಗಿದೆ. ಬದಲಾಗುವುದು ಜ್ಯೂರಿಯ, ಅಂದರೆ ತೀರ್ಪು ಹೇಳಲು ಕೂರಿಸುವ ಸಾಮಾನ್ಯ ನಾಗರಿಕರ, ಲೆಕ್ಕ. ನ್ಯೂಜೆರ್ಸಿಯ ಸಿವಿಲ್ ಜ್ಯೂರಿಯಲ್ಲಿ ಸಾಮಾನ್ಯವಾಗಿ 6 ಜನ, 5 ಜನ ಒಪ್ಪಿದರೆ ತೀರ್ಪು. ಫೆಡರಲ್‌ನಲ್ಲಿ ಕನಿಷ್ಠ 6 ಜನ, ಎಲ್ಲರೂ ಒಂದೇ ಮಾತು ಹೇಳಬೇಕು. ದಾಟುವುದು ಲಾಭವೋ ಅಲ್ಲವೋ ವಕೀಲರು ತೂಗಿ ಹೇಳಲಿ, ಆದರೆ ವೀಸಾ ಯಾವುದು ಎಂದು ಮೊದಲ ಮಾತಿನಲ್ಲೇ ಅವರಿಗೆ ತಿಳಿಸಿ.

ಅಪಘಾತದ ದಿನ ಪೊಲೀಸರು ಟಿಕೆಟ್, ಅಂದರೆ ಸಂಚಾರ ನಿಯಮ ಮುರಿದದ್ದಕ್ಕೆ ಚಲನ್, ಕೊಟ್ಟಿದ್ದರೆ ಅದು ಮುನಿಸಿಪಲ್ ಕೋರ್ಟಿನಲ್ಲಿ ಬೇರೆಯೇ ನಡೆಯುತ್ತದೆ. ಇನ್ನೂ ಬಾಕಿಯಿದ್ದರೆ ಹುಷಾರು. ಅಲ್ಲಿ ನಿಂತು ತಪ್ಪೊಪ್ಪಿಕೊಂಡರೆ ಆ ಮಾತನ್ನೇ ಸಿವಿಲ್ ದಾವೆಯಲ್ಲಿ ಅವನ ಮೇಲೆ ತಿರುಗಿಸಬಹುದು. ಒಪ್ಪಿಕೊಳ್ಳುವಾಗಲೇ 'ಸಿವಿಲ್ ರಿಸರ್ವೇಶನ್' ಕೇಳಿ ನ್ಯಾಯಾಧೀಶರಿಂದ ಮಂಜೂರು ಮಾಡಿಸಿಕೊಂಡರೆ ಹಾಗೆ ಬಳಸಲಾಗದು.

ಉತ್ತರ ಸಲ್ಲಿಸಿದ ಮೇಲೆ ಶುರುವಾಗುವ 'ಡಿಸ್ಕವರಿ' ಹಂತ ನಮ್ಮವರಿಗೆ ಅಪರಿಚಿತ, ನನ್ನ ಅಭಿಪ್ರಾಯದಲ್ಲಿ ಕೇಸು ಗೆಲ್ಲುವುದೂ ಸೋಲುವುದೂ ಇಲ್ಲೇ. ವಾಹನ ಅಪಘಾತದ ದಾವೆಗಳಿಗೆ ನ್ಯೂಜೆರ್ಸಿಯಲ್ಲಿ 300 ದಿನ ಕೊಡುತ್ತಾರೆ, ಇದನ್ನು ವಿಸ್ತರಿಸಲೂಬಹುದು. ಎರಡೂ ಕಡೆಯವರು ತಮ್ಮಲ್ಲಿರುವ ದಾಖಲೆ, ಫೋಟೊ, ವೈದ್ಯರ ವರದಿ, ಫೋನ್ ದಾಖಲೆಗಳನ್ನು ಕೇಳಿದಾಗ ಕೊಡಬೇಕು, ಪ್ರಶ್ನಾವಳಿಗೆ ಸತ್ಯವೆಂದು ಸಹಿಮಾಡಿ ಉತ್ತರಿಸಬೇಕು. ಆಮೇಲೆ ಡೆಪೊಸಿಷನ್. ವಕೀಲರ ಕಚೇರಿಯಲ್ಲೋ ವಿಡಿಯೊ ಮೂಲಕವೋ ಪ್ರಮಾಣ ಮಾಡಿಸಿ ಎದುರು ವಕೀಲರು ಪ್ರಶ್ನಿಸುತ್ತಾರೆ, ನ್ಯಾಯಾಧೀಶರು ಅಲ್ಲಿರುವುದಿಲ್ಲ, ಪ್ರತಿ ಮಾತೂ ದಾಖಲಾಗುತ್ತದೆ. ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು. ವೇಗ, ದೂರ, ಸೆಕೆಂಡುಗಳನ್ನು ಅಂದಾಜಿನಲ್ಲಿ ಹೇಳಿ ಸಿಕ್ಕಿಬೀಳುವವರು ಬಹಳ. ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನುವುದೇ ಸರಿಯಾದ ಉತ್ತರ. ಇಂದಿನ ಮಾತು ನಾಳೆ ಜ್ಯೂರಿಯ ಮುಂದೆ ಬದಲಾದರೆ ಈ ದಾಖಲೆ ತೆರೆದು ಓದಿಬಿಡುತ್ತಾರೆ.

ಡ್ಯಾಶ್‌ಕ್ಯಾಮ್ ಚಿತ್ರ, ಅಂದಿನ ಸಂದೇಶಗಳು, ಕಾರು ರಿಪೇರಿಯ ಬಿಲ್ಲು, ಯಾವುದನ್ನೂ ಅಳಿಸಬಾರದು, ತನಗೆ ವಿರುದ್ಧವಾಗಿದ್ದರೂ ಸರಿ. ಅಳಿಸಿದ್ದು ಗೊತ್ತಾದರೆ ಅದರಲ್ಲಿ ನಿಮಗೆ ಕೆಡುಕಾಗುವುದೇ ಇತ್ತು ಎಂದು ಊಹಿಸಿಕೊಳ್ಳಲು ಜ್ಯೂರಿಗೆ ಅವಕಾಶ ಸಿಗುತ್ತದೆ. ನಿಮಗೂ ಒಂದು ಮಾತು: ತಮ್ಮ ತನ್ನ ವಕೀಲರ ಜೊತೆ ಆಡಿದ ಮಾತು ಗೋಪ್ಯ, ನಿಮ್ಮ ಜೊತೆ ವಾಟ್ಸ್ಆಪ್‌ನಲ್ಲಿ ಬರೆದದ್ದು ಗೋಪ್ಯವಲ್ಲ. ತಪ್ಪು ಯಾರದು ಎಂಬ ಚರ್ಚೆಯನ್ನು ಅಲ್ಲಿ ನಡೆಸಬೇಡಿ, ವಕೀಲರು ಬರೆದ ಸಲಹೆಯನ್ನು ತರಿಸಿಕೊಂಡು ಓದಲೂ ಬೇಡಿ. ಹೊರಗಿನವರಿಗೆ ತೋರಿಸಿದರೆ ಆ ಗೋಪ್ಯತೆಯೇ ಹೋಗಬಹುದು.

ಪ್ರತಿವಾದದಲ್ಲಿ ವಕೀಲರು ನೋಡುವ ಮೊದಲ ಅಂಶ ವಾದಿಯ ಸ್ವಂತ ವಿಮೆ. ಕಂತು ಕಡಿಮೆಯಾಗಲೆಂದು ಅಲ್ಲಿ ಎಷ್ಟೋ ಮಂದಿ ದಾವೆ ಹೂಡುವ ಹಕ್ಕಿಗೆ ಮಿತಿ ಒಪ್ಪಿಕೊಂಡಿರುತ್ತಾರೆ. ಹಾಗಿದ್ದರೆ ನೋವು-ಸಂಕಟದ ಪರಿಹಾರ ಪಡೆಯಲು ಶಾಶ್ವತ ಗಾಯ, ಸ್ಥಾನ ತಪ್ಪಿದ ಮೂಳೆಮುರಿತದಂಥ ಕೆಲವೇ ಬಗೆಯ ಹಾನಿ ತೋರಿಸಬೇಕು, ಪ್ರತಿವಾದಿ ಉತ್ತರ ಸಲ್ಲಿಸಿದ 60 ದಿನದೊಳಗೆ ವೈದ್ಯರ ಪ್ರಮಾಣಪತ್ರ ಕೊಡಬೇಕು. ಬರೀ ಬೆನ್ನುನೋವಿನ ಕೇಸುಗಳಲ್ಲಿ ಇದೇ ದೊಡ್ಡ ಜಗಳ. ಎರಡನೆಯದು ತಪ್ಪಿನ ಪಾಲು. ವಾದಿಯ ತಪ್ಪು 30 ಪರ್ಸೆಂಟ್ ಎಂದಾದರೆ ಪರಿಹಾರದಲ್ಲಿ ಅಷ್ಟು ಕಳೆಯುತ್ತಾರೆ, 50 ಮೀರಿದರೆ ಏನೂ ಸಿಗದು.

ರುಜುವಾತಿನ ಅಳತೆಯೂ ಇಲ್ಲಿ ಬೇರೆ. ಕ್ರಿಮಿನಲ್‌ನಲ್ಲಿ ಸಕಾರಣವಾದ ಸಂಶಯ ಉಳಿಯದಂತೆ ರುಜುವಾಗಬೇಕು. ಸಿವಿಲ್‌ನಲ್ಲಿ ವಾದಿಯ ಮಾತು ಸುಳ್ಳೆನ್ನುವುದಕ್ಕಿಂತ ನಿಜವೆನ್ನುವುದೇ ಹೆಚ್ಚು ಸಂಭವ ಎನಿಸಿದರೆ ಸಾಕು, ತಕ್ಕಡಿ ಕೂದಲೆಳೆಯಷ್ಟು ವಾಲಿದರೂ ಗೆದ್ದಂತೆ. ವಕೀಲರ ಖರ್ಚು ಸಾಮಾನ್ಯವಾಗಿ ಅವರವರದೇ, ಗೆದ್ದವರಿಗೆ ಸೋತವರು ಕಟ್ಟಿಕೊಡುವುದಿಲ್ಲ. ವಾದಿಯ ವಕೀಲರು ಮುಂಗಡ ಪಡೆಯದೆ, ಗೆದ್ದ ಹಣದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ನ್ಯೂಜೆರ್ಸಿಯಲ್ಲಿ ಮೊದಲ 7,50,000 ಡಾಲರ್‌ಗೆ ಮೂರನೇ ಒಂದು ಪಾಲಿನವರೆಗೆ. ನಮ್ಮ ವಕೀಲರಿಗೆ ಬಾರ್ ಕೌನ್ಸಿಲ್ ನಿಯಮ ಇದನ್ನು ನಿಷೇಧಿಸಿದೆ. ದಾವೆ ಹೂಡುವುದು ಅಲ್ಲಿ ಇಷ್ಟು ಸುಲಭವಾಗಿರುವುದಕ್ಕೆ, ಬಹುಪಾಲು ರಾಜಿಯಲ್ಲಿ ಮುಗಿಯುವುದಕ್ಕೆ ಇದೊಂದು ಮುಖ್ಯ ಕಾರಣ.

ವಿಚಾರಣೆಗೆ ಮುಂಚೆ ಇಂಥ ಕೇಸನ್ನು ಕೋರ್ಟೇ ಪಂಚಾಯ್ತಿಗೆ (ಆರ್ಬಿಟ್ರೇಷನ್) ಕಳಿಸುತ್ತದೆ. ಅನುಭವಿ ವಕೀಲರೊಬ್ಬರು ಕೇಳಿ ಮೊತ್ತ ಹೇಳುತ್ತಾರೆ. ಒಪ್ಪದವರು 30 ದಿನದೊಳಗೆ ಹೊಸ ವಿಚಾರಣೆ ಬೇಡಬೇಕು. ಜ್ಯೂರಿ ಕೂತರೆ ಪ್ರತಿವಾದಿಗೆ ವಿಮೆ ಇದೆ ಎಂಬ ಸಂಗತಿಯನ್ನು ತಪ್ಪಿನ ಪುರಾವೆಯಾಗಿ ಅವರ ಮುಂದೆ ಹೇಳುವಂತಿಲ್ಲ. ಹಣ ಕಂಪನಿಯದಾದರೂ ಹೆಸರು ತಮ್ಮನದೇ ಇರುವುದರಿಂದ ಅವನು ಬರಲೇಬೇಕಾಗುತ್ತದೆ.

ಮೇಲ್ಮನವಿಗೆ 45 ದಿನ, ಸುಪೀರಿಯರ್ ಕೋರ್ಟಿನ ಅಪೆಲೇಟ್ ವಿಭಾಗಕ್ಕೆ. ಅಲ್ಲಿ ಹೊಸ ಸಾಕ್ಷಿ ಇಲ್ಲ, ಕೆಳಗೆ ಎತ್ತದ ತಕರಾರನ್ನು ಅಲ್ಲಿ ಎತ್ತುವುದೂ ಕಷ್ಟ. ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಆಯ್ದ ಪ್ರಕರಣಗಳನ್ನಷ್ಟೇ ತೆಗೆದುಕೊಳ್ಳುತ್ತದೆ, ರಾಜ್ಯದ ಕಾನೂನಿನ ಮೇಲೆ ಅದರದೇ ಕೊನೆಯ ಮಾತು. ವಾಷಿಂಗ್ಟನ್‌ನ ಸುಪ್ರೀಂ ಕೋರ್ಟಿಗೆ ಹೋಗಬೇಕಾದರೆ ಅಮೆರಿಕದ ಸಂವಿಧಾನದ ಅಥವಾ ಫೆಡರಲ್ ಕಾನೂನಿನ ಪ್ರಶ್ನೆ ಇರಬೇಕು, ಬೆನ್ನುನೋವಿನ ದಾವೆಯಲ್ಲಿ ಅದಿರುವುದಿಲ್ಲ.

ಕೆಲಸ ಬಿಟ್ಟು ಬೆಂಗಳೂರಿಗೆ ಬಂದುಬಿಟ್ಟರೆ ಎಂದೂ ಕೇಳಿದ್ದೀರಿ. ಬಂದರೂ ದಾವೆ ಅಲ್ಲಿ ನಡೆಯುತ್ತಲೇ ಇರುತ್ತದೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಅಮೆರಿಕ ಅಧಿಸೂಚಿತ ದೇಶವಲ್ಲವಾದ್ದರಿಂದ ಅಲ್ಲಿನ ಡಿಕ್ರಿಯನ್ನು ಇಲ್ಲಿ ನೇರ ಅಮಲ್ಜಾರಿ ಮಾಡಲಾಗದು, ಅದನ್ನು ಆಧರಿಸಿ 3 ವರ್ಷದೊಳಗೆ ಇಲ್ಲಿ ಹೊಸ ದಾವೆ ಹೂಡಬೇಕು. ವಾದ-ಪುರಾವೆಗಳನ್ನು ತೂಗಿನೋಡದೆ ಬರೀ ಗೈರುಹಾಜರಿಯ ಮೇಲೆ ಕೊಟ್ಟ ಡಿಕ್ರಿಯಾದರೆ 13ನೇ ಕಲಮಿನಡಿ ತಕರಾರು ಎತ್ತಬಹುದು. ಆದರೆ ಇದನ್ನು ನಂಬಿ ಉತ್ತರ ಕೊಡದೆ ಬರುವುದು ಬೇಡ. ಅವನ ಅಮೆರಿಕದ ಖಾತೆಗಳು, ಮುಂದೆ ಮತ್ತೆ ಅಲ್ಲಿಗೆ ಹೋದರೆ ಸಿಗುವ ಸಂಬಳ, ಎಲ್ಲದರ ಮೇಲೂ ಡಿಕ್ರಿ ಕಾದಿರುತ್ತದೆ. ವಿಚಾರಣೆಗೆ ಸಹಕರಿಸಬೇಕೆಂಬ ಷರತ್ತು ಮುರಿದನೆಂದು ವಿಮಾ ಕಂಪನಿಯೂ ಕೈತೊಳೆದುಕೊಳ್ಳಬಹುದು. ಬರಲೇಬೇಕಾದರೆ ಇಲ್ಲಿನ ವಿಳಾಸವನ್ನೂ ಫೋನ್ ನಂಬರನ್ನೂ ವಕೀಲರಿಗೆ ಬರೆದುಕೊಟ್ಟು, ಡೆಪೊಸಿಷನ್ ಅಲ್ಲಿರುವಾಗಲೇ ಮುಗಿಸಿಕೊಡುವಂತೆ ಕೇಳಿ ಬರಲಿ.