ಮಾಳಿಗೆಗೆ ಸಿಮೆಂಟೋ, ಸವಳು ಮಣ್ಣೋ?

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ. ಈಚೆಗೆ ಮಳೆ ಬಂದರೆ ಪಡಸಾಲೆ ಸೋರುತ್ತದೆ. ಮಾಳಿಗೆಯ ಮೇಲೆ 2 ಅಂಗುಲ ಕಾಂಕ್ರೀಟ್ ಹಾಕಿಸಿ ಎಂದು ಮೇಸ್ತ್ರಿ ಹೇಳುತ್ತಾರೆ. ಸವಳು ಮಣ್ಣೇ ಆಗಬೇಕೆಂದು ಅತ್ತೆಯವರ ಹಟ. ಯಾರ ಮಾತು ಕೇಳಲಿ?
– ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ಅತ್ತೆಯವರ ಮಾತು ಕೇಳಿ, ತಂಗೀ. 2 ಅಂಗುಲ ಕಾಂಕ್ರೀಟ್ ಎಂದರೆ 10 ಅಡಿ ಉದ್ದ, 10 ಅಡಿ ಅಗಲದ ಜಾಗಕ್ಕೇ ಒಂದು ಟನ್ನಿಗೂ ಮಿಕ್ಕ ಭಾರ. ಅಜ್ಜ ಆ ಲೆಕ್ಕ ಹಿಡಿದು ತೊಲೆ ಕೂಡಿಸಿರಲಾರರು. ಮೇಲಾಗಿ, ಕೆಳಗಿನ ಮಣ್ಣು ಅಲುಗಿದಂತೆ ಸಿಮೆಂಟು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಜಂತಿಗಳನ್ನು ಕೊಳೆಸುತ್ತದೆ.

ಬೆಳೆಗೆ ಶತ್ರುವಾದ ಸವಳು ಮಾಳಿಗೆಗೆ ಮಿತ್ರ. ಅದರಲ್ಲಿ ಸೋಡಿಯಂ ಹೆಚ್ಚು. ಮಳೆ ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದುರಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯದೆ, ಮಾಳಿಗೆಯ ನೀರನ್ನು ಹೊರಗೆ ಬೀಳಿಸುವ ದೋಣಿಯತ್ತ ಹರಿಯುತ್ತದೆ. ಹುಲ್ಲೂ ಅಷ್ಟಾಗಿ ಹುಟ್ಟುವುದಿಲ್ಲ. ಎರೆಮಣ್ಣು ಮಾತ್ರ ಬೇಡ. ಒಣಗಿದರೆ ಬೆರಳು ತೂರುವಷ್ಟು ಸೀಳುತ್ತದೆ.

ಬಿಳಿಚಿಕೊಂಡ ಮಣ್ಣೆಲ್ಲ ಸವಳಲ್ಲ. ಗಾಜಿನ ಲೋಟದಲ್ಲಿ ಮಳೆನೀರು ತುಂಬಿ, ಕಡಲೆಕಾಳಿನಷ್ಟು ಒಣಹೆಂಟೆಯನ್ನು ಮೆಲ್ಲಗೆ ಬಿಡಿ. ಕಲಕಬೇಡಿ. ಹೆಂಟೆಯ ಸುತ್ತ ಹಾಲು ಹರಡಿದಂತೆ ಮಬ್ಬು ಎದ್ದು ಗಂಟೆಗಟ್ಟಲೆ ನಿಂತರೆ ಅದೇ ನಿಮಗೆ ಬೇಕಾದ ಮಣ್ಣು. ಪುಡಿಯಾಗಿ ತಳಸೇರಿ ನೀರು ತಿಳಿಯಾಗಿಯೇ ಉಳಿದರೆ ಬಿಟ್ಟುಬಿಡಿ. ಬೋರ್‌ವೆಲ್ ನೀರು ಬಳಸಬೇಡಿ, ಅದರ ಗಡಸುತನ ಪರೀಕ್ಷೆಯನ್ನೇ ಕೆಡಿಸುತ್ತದೆ. ಗಂಗಾವತಿ, ಸಿಂಧನೂರು ಕಡೆಯ ನೀರಾವರಿ ಹೊಲದಿಂದ ತರುವುದಾದರೆ ಜಿಪ್ಸಂ ಹಾಕಿದ್ದಾರೆಯೇ ಎಂದು ಕೇಳಿ. ಹಾಕಿದ್ದರೆ ನಮಗೆ ಬೇಕಾದ ಗುಣವೇ ಹೋಗಿರುತ್ತದೆ. ಗೋಡೆಗೆ ಮಾತ್ರ ಸವಳು ಮೆತ್ತಬೇಡಿ, ಉಪ್ಪು ಹೊಮ್ಮಿ ಗಿಲಾವು ಉದುರುತ್ತದೆ.

ಸೆಕೆಯ ಮಾತನ್ನೂ ಮೇಸ್ತ್ರಿಗೆ ಹೇಳಿ. ದಪ್ಪ ಮಣ್ಣಿನಲ್ಲಿ ಮಧ್ಯಾಹ್ನದ ಬಿಸಿಲು ಒಳಗಿಳಿಯುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಚಾಪೆ ಹಾಸಿರುತ್ತಾರೆ! ನಮ್ಮ ಬೇಸಿಗೆ 40 ಡಿಗ್ರಿ ದಾಟುವ ಬೇಸಿಗೆ. ಆರ್‌ಸಿಸಿ ಮನೆಯವರು ಫ್ಯಾನಿನ ಕೆಳಗೂ ಬೆವರುವುದನ್ನು ನೀವೂ ಕಂಡಿರಬೇಕು.

ರೋಹಿಣಿ ಮಳೆಗೆ ಮುಂಚೆಯೇ ಕೆಲಸ ಮುಗಿಸಿ. ಹಳೆಯ ಸಡಿಲು ಮಣ್ಣು ಕೆರೆದು, ದೋಣಿಯ ಕಡೆಗೆ ಇಳಿಜಾರು ಕೊಟ್ಟು, ಹೊಸದನ್ನು ದಮ್ಮಸ್ಸು ಮಾಡಿಸಬೇಕು. ಅದಕ್ಕೂ ಮೊದಲು ತೊಲೆ ಗೋಡೆಯೊಳಗೆ ಹೊಕ್ಕಿರುವ ಕಡೆ ಮೊಳೆಯಿಂದ ಚುಚ್ಚಿ ನೋಡಿ. ಮೊಳೆ ಸಲೀಸಾಗಿ ಇಳಿದರೆ ಮಣ್ಣಿನ ಗಾಡಿ ತಡೆದು ಬಡಿಗರನ್ನು ಕರೆಸಿ.