ಟೆಲೊಮಿಯರ್ ಉದ್ದದಲ್ಲಿ ಅಪ್ಪ-ಅಮ್ಮನ ಪಾಲೆಷ್ಟು?

ಪ್ರಶ್ನೆ: ರಕ್ತ ಕೊಟ್ಟರೆ ಟೆಲೊಮಿಯರ್ ಅಳೆದು ‘ನಿಜವಾದ ವಯಸ್ಸು’ ಹೇಳುತ್ತೇವೆ ಅಂತ ಜಾಹೀರಾತು ನೋಡಿದೆ. ಅದನ್ನು ಉದ್ದ ಮಾಡುವ ಕ್ಯಾಪ್ಸೂಲ್ ಕೂಡ ಇದೆಯಂತೆ. ನನಗೆ 42, ಸಿಗರೇಟು ಸೇದುತ್ತೇನೆ. ನಾನು ಹುಟ್ಟಿದಾಗ ಅಪ್ಪನಿಗೆ 47 ಆಗಿತ್ತು, ಅದರಿಂದ ತೊಂದರೆ ಇದೆಯಾ? ಟೆಸ್ಟ್ ಮಾಡಿಸಲಾ?
– ಓದುಗ, ಹುಬ್ಬಳ್ಳಿ

ಉತ್ತರ: ಬೇಡ. ದುಡ್ಡು ಉಳಿಸಿ.

ನಮ್ಮ ಪ್ರತಿ ಕ್ರೋಮೋಸೋಮಿನ ತುದಿಯಲ್ಲೂ ಟಿಟಿಎಜಿಜಿಜಿ ಅನ್ನುವ ಆರಕ್ಷರದ ಡಿಎನ್ಎ ತುಣುಕು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಅದೇ ಟೆಲೊಮಿಯರ್. ಜೀವಕೋಶ ಒಡೆದು ಎರಡಾದಾಗಲೆಲ್ಲ ಅದು ಚೂರು ಸವೆಯುತ್ತದೆ. ಆದರೆ ಎಲ್ಲರೂ ಒಂದೇ ಉದ್ದದಿಂದ ಶುರು ಮಾಡುವುದಿಲ್ಲ, ಗೊಂದಲ ಇರೋದೇ ಇಲ್ಲಿ. 2013ರಲ್ಲಿ ಸುಮಾರು 20,000 ಜನರ ಮಾಹಿತಿ ಒಟ್ಟು ಹಾಕಿ ನೋಡಿದಾಗ, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಶೇ. 70 ಪಾಲು ವಂಶದಿಂದ ಬಂದದ್ದು ಅಂತ ಕಂಡಿತು. ಅಂದರೆ ನಿಮ್ಮದು ಗಿಡ್ಡ ಅಂತ ರಿಪೋರ್ಟ್ ಬಂದರೆ ಅದು ಸಿಗರೇಟಿನ ಕೆಲಸವೋ, ಹುಟ್ಟಿನಿಂದಲೇ ಹಾಗೋ, ಒಂದು ಟೆಸ್ಟ್ ಹೇಳಲಾರದು.

ಸಿಗರೇಟು, ಬೊಜ್ಜು, ವರ್ಷಗಟ್ಟಲೆ ಒತ್ತಡ ಇರುವವರಲ್ಲಿ ಸರಾಸರಿ ಸ್ವಲ್ಪ ಗಿಡ್ಡ ಇರುತ್ತದೆ, ನಿಜ. 2004ರಲ್ಲಿ ಅಮೆರಿಕದಲ್ಲಿ, ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರನ್ನು ಪರೀಕ್ಷಿಸಿದಾಗ, ಹೆಚ್ಚು ವರ್ಷ ಆ ಹೊರೆ ಹೊತ್ತವರಲ್ಲಿ ಹೆಚ್ಚು ಗಿಡ್ಡವಾಗಿತ್ತು. ಹೋಲಿಕೆಗೆ ತೆಗೆದುಕೊಂಡ ಆರೋಗ್ಯವಂತ ಮಕ್ಕಳ ತಾಯಂದಿರೂ ಸೇರಿ ಅಲ್ಲಿ ಇದ್ದವರು ಬರೀ 58 ಜನ ಅನ್ನೋದನ್ನೂ ನೆನಪಿಡಿ.

ಇನ್ನು ಬಾಹ್ಯಾಕಾಶದ ಕಥೆ ಕೇಳಿ. ಅಮೆರಿಕದ ಗಗನಯಾತ್ರಿ ಸ್ಕಾಟ್ ಕೆಲ್ಲಿ 2015-16ರಲ್ಲಿ 340 ದಿನ ಅಂತರಿಕ್ಷ ನಿಲ್ದಾಣದಲ್ಲಿದ್ದರು, ಅವರ ತದ್ರೂಪಿ ಅವಳಿ ಮಾರ್ಕ್ ನೆಲದ ಮೇಲಿದ್ದರು. ಅಲ್ಲಿನ ವಿಕಿರಣ, ಒತ್ತಡಕ್ಕೆ ಸ್ಕಾಟ್ ಟೆಲೊಮಿಯರ್ ಕುಗ್ಗುತ್ತದೆ ಅಂದುಕೊಂಡಿದ್ದರೆ, ಅದು ಉದ್ದವಾಯಿತು! ವಾಪಸ್ ಬಂದ ಕೂಡಲೇ ಸರ್ರನೆ ಇಳಿಯಿತು. ಹಾಗಂತ ಅವರು ಮೇಲಿದ್ದಾಗ ಯುವಕರಾಗಿ, ಇಳಿದ ಮೇಲೆ ಮುದುಕರಾದರಾ? ಇಲ್ಲ ಅಲ್ವಾ?

ಕ್ಯಾಪ್ಸೂಲ್ ವಿಷಯ ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಉದ್ದ ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನೋದೇ ಸುಳ್ಳು. ಹುಟ್ಟಿನಿಂದಲೇ ಉದ್ದ ಟೆಲೊಮಿಯರ್ ಇರುವವರಲ್ಲಿ ಮೆಲನೋಮಾದಂಥ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೆಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚು. ತೀರಾ ಗಿಡ್ಡವಾದರೂ ಕಷ್ಟ: ಕೆಲವು ಕುಟುಂಬಗಳಲ್ಲಿ ಟೆಲೊಮಿಯರ್ ಕಾಯುವ ಜೀನ್ ಕೆಟ್ಟು ಶ್ವಾಸಕೋಶ ಗಟ್ಟಿಯಾಗುತ್ತದೆ, ಅಸ್ಥಿಮಜ್ಜೆ ಸೋಲುತ್ತದೆ. ಅಂಥ ಇತಿಹಾಸ ನಿಮ್ಮ ಮನೆಯಲ್ಲಿದ್ದರೆ ವೈದ್ಯರೇ ಟೆಸ್ಟ್ ಬರೆದುಕೊಡುತ್ತಾರೆ.

ಅಪ್ಪನ ವಯಸ್ಸಿನ ಚಿಂತೆ ಉಲ್ಟಾ ಇದೆ. ವಯಸ್ಸಾದಂತೆ ವೀರ್ಯಾಣುವಿನ ಟೆಲೊಮಿಯರ್ ಸವೆಯುವ ಬದಲು ಉದ್ದವಾಗುತ್ತದೆ, ಅದು ಮಕ್ಕಳಿಗೂ ಬರುತ್ತದೆ. ಲೆಕ್ಕದ ಪ್ರಕಾರ ನಿಮಗೆ ಅಪ್ಪನಿಂದ ಸಿಕ್ಕಿದ್ದು ಸ್ವಲ್ಪ ಉದ್ದದ್ದೇ ಇರಬಹುದು. ಸಿಗರೇಟು ಬಿಡಿ, ಆದರೆ ಟೆಲೊಮಿಯರ್‌ಗಾಗಿ ಅಲ್ಲ, ಶ್ವಾಸಕೋಶಕ್ಕಾಗಿ.