ಮೂಗು ಮೀಸೆ ಸರಿ, ಮುಖ ಅಪ್ಪನದಲ್ಲ

ಪ್ರಶ್ನೆ: ತೀರಿಕೊಂಡ ಅಪ್ಪನ ಎಣ್ಣೆ ಬಣ್ಣದ ಚಿತ್ರ ಬರೆಸಿದ್ದೇವೆ. ಅವರು ತೊಗರಿ ಬೇಳೆ ಮಿಲ್ಲಿನಲ್ಲಿ ಮುನೀಮರಾಗಿದ್ದರು. ಬ್ಯಾಂಕ್ ಪಾಸ್‌ಬುಕ್ಕಿಗೆ ತೆಗೆಸಿದ್ದ ಫೋಟೋ ನೋಡಿ ಬರೆದದ್ದು. ಮೂಗು, ಮೀಸೆ, ಟೋಪಿ ಎಲ್ಲ ಸರಿ ಇವೆ. ಆದರೂ ಅವ್ವ 'ಇವರು ಅವರಲ್ಲ' ಅಂತಾಳೆ. ಏನು ತಪ್ಪಿದೆ?
– ಓದುಗರೊಬ್ಬರು, ಶಹಾಬಾದ್

ಉತ್ತರ: ಅವ್ವನ ಮಾತನ್ನೇ ನಂಬಿ. ಪಾಸ್‌ಬುಕ್ ಫೋಟೋದಲ್ಲಿ ಯಾರೂ ತಮ್ಮಂತೆ ಇರುವುದಿಲ್ಲ. ಸ್ಟುಡಿಯೋದವರು 'ಗದ್ದ ಮ್ಯಾಲೆ ಮಾಡ್ರಿ, ಅಲುಗಾಡಬ್ಯಾಡ್ರಿ' ಅಂದ ಕೂಡಲೇ ಭುಜ ಬಿಗಿಯಾಗುತ್ತದೆ. ಮೇಲೆ ಫ್ಲ್ಯಾಶ್ ನೇರ ಮುಖಕ್ಕೆ ಬಿದ್ದು ಹುಬ್ಬಿನ ಕೆಳಗಿನ, ತುಟಿಯಂಚಿನ ನೆರಳನ್ನೆಲ್ಲ ಅಳಿಸಿಬಿಡುತ್ತದೆ. ಸ್ವಭಾವ ಕಾಣುವುದೇ ಆ ನೆರಳಿನಲ್ಲಿ. ಮೋನಾಲಿಸಾಳ ಕಣ್ಣು, ತುಟಿಗಳ ಕೊನೆಯನ್ನು ಲಿಯೊನಾರ್ಡೊ ಗೆರೆ ಎಳೆದು ಮುಗಿಸಲಿಲ್ಲ, ನೆರಳಿನಲ್ಲಿ ಕರಗಿಸಿದ. ಅದಕ್ಕೇ ಆಕೆ ನಗುತ್ತಿದ್ದಾಳೋ ಇಲ್ಲವೋ ಅಂತ ಇನ್ನೂ ನೋಡುತ್ತೇವೆ.

ನನಗೆ ತುಂಬ ಇಷ್ಟವಾದದ್ದು ಸ್ಪೇನಿನ ವೆಲಾಸ್ಕೆಸ್ 1650ರಲ್ಲಿ ರೋಮಿನಲ್ಲಿ ಬರೆದ ಹತ್ತನೇ ಇನೊಸೆಂಟ್ ಪೋಪರ ಚಿತ್ರ. ಕುರ್ಚಿ ಕೆಂಪು, ಹಿಂದಿನ ಪರದೆ ಕೆಂಪು, ಮುಖದಲ್ಲೂ ಕೆಂಪು. ತುಟಿ ಬಿಗಿದಿವೆ. ಕಣ್ಣು ಎದುರಿನವರನ್ನು ಅಳೆಯುತ್ತಿವೆ. ಯಾರನ್ನೂ ಸುಲಭಕ್ಕೆ ನಂಬದ ಮನುಷ್ಯ ಅಂತ ನೋಡಿದ ಕ್ಷಣಕ್ಕೇ ಅನ್ನಿಸುತ್ತದೆ. ಪೋಪರನ್ನು ವೆಲಾಸ್ಕೆಸ್ ಸೌಮ್ಯ ಮಾಡಲು ಹೋಗಲಿಲ್ಲ.

ನಿಮ್ಮ ಚಿತ್ರದಲ್ಲಿ ಸುಕ್ಕೆಲ್ಲ ಒರೆಸಿ ನುಣುಪು ಮಾಡಿದ್ದಾರಾ, ನೋಡಿ. ನಮ್ಮ ಕಲಬುರಗಿಯ ಎಸ್. ಎಂ. ಪಂಡಿತರು ಕ್ಯಾಲೆಂಡರಿಗೆ ಬರೆದ ದೇವರ ಮುಖದಲ್ಲಿ ಸುಕ್ಕಿಲ್ಲ. ದೇವರಿಗೆ ಅದು ಸರಿ. ದಿನವಿಡೀ ಲೆಕ್ಕದ ಪುಸ್ತಕ ನೋಡಿದ ಮುನೀಮರಿಗೆ ಹುಬ್ಬಿನ ನಡುವೆ ಗೆರೆ ಇದ್ದೇ ಇರುತ್ತದೆ, ಅಲ್ವಾ? ಎರಡು ಕಣ್ಣು ಒಂದೇ ಅಳತೆ ಮಾಡಿದ್ದರೂ ಮುಖ ಸುಮ್ನೆ ಗೊಂಬೆಯಂತಾಗುತ್ತದೆ.

ಹೀಗೆ ಮಾಡಿ. ಮದುವೆ, ಜಾತ್ರೆಗಳಲ್ಲಿ ಅಪ್ಪನಿಗೆ ಗೊತ್ತಿಲ್ಲದಂತೆ ತೆಗೆದ ಫೋಟೋ ಹುಡುಕಿ. ಮಸುಕಾಗಿದ್ದರೂ ಪರವಾಗಿಲ್ಲ. ಅವ್ವನನ್ನು ಕಲಾವಿದರ ಹತ್ತಿರ ಕರೆದುಕೊಂಡು ಹೋಗಿ. ಅಪ್ಪ ಕನ್ನಡಕದ ಮೇಲಿಂದ ನೋಡುತ್ತಿದ್ದರಾ, ನಕ್ಕರೆ ಕೆಳರೆಪ್ಪೆ ಮೇಲೇರುತ್ತಿತ್ತಾ, ಕೂತಾಗ ಕೈ ಎಲ್ಲಿರುತ್ತಿತ್ತು, ಅವ್ವನೇ ಹೇಳಲಿ. ನಾನಂತೂ ಮನೆಯವರನ್ನು ಇದನ್ನೆಲ್ಲ ಕೇಳದೆ ಕುಂಚ ಹಿಡಿಯುವುದಿಲ್ಲ. ಹೊಸ ಚಿತ್ರ ಬೇಕಾಗಲಿಕ್ಕಿಲ್ಲ. ಎಣ್ಣೆ ಬಣ್ಣ ಪೂರ್ತಿ ಒಣಗಿದ ಮೇಲೂ ಮೇಲೆ ಬಣ್ಣ ಹಚ್ಚಿ ತಿದ್ದಬಹುದು. ವಾರ್ನಿಷ್ ಹಚ್ಚಿಲ್ಲದಿದ್ದರೆ ಕೆಲಸ ಇನ್ನೂ ಸುಲಭ. ಮೊದಲು ತುಟಿಯ ಕೊನೆ, ಕಣ್ಣಿನ ರೆಪ್ಪೆ ತಿದ್ದಿಸಿ, ಅವ್ವನಿಗೆ ತೋರಿಸಿ.